ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿಯೇಕೆ?

‘ಎರಡೂ ಟ್ಯೂಬು ಬ್ಲಾಕ್ ಆಗಿವೆ.’ ಮದುವೆಯಾಗಿ ನಾಲ್ಕಾರು ವರ್ಷ ಕಳೆದರೂ ಮಡಿಲು ತುಂಬದ ಹೆಣ್ಣುಮಗಳ ಬದುಕಿನಲ್ಲಿ ಈ ಒಂದು ವಾಕ್ಯ ಎಬ್ಬಿಸುವ ತಲ್ಲಣವನ್ನು ಹೊರಗಿನವರು ಊಹಿಸುವುದು ಕಷ್ಟ. ಅದುವರೆಗೆ ‘ಏನಾದರೂ ವಿಶೇಷವೇ?’ ಎಂದು ಕೇಳುತ್ತಿದ್ದ ನೆಂಟರಿಷ್ಟರು ಅಂದಿನಿಂದ ಕೇಳುವುದನ್ನೇ ನಿಲ್ಲಿಸುತ್ತಾರೆ. ಆ ಮೌನ ಪ್ರಶ್ನೆಗಿಂತ ಹರಿತವಾದದ್ದು. ದೋಷ ಯಾರದೆಂಬುದು ತೀರ್ಮಾನವಾಗಿಹೋಯಿತೆಂದು ಮನೆಯವರು ಭಾವಿಸುತ್ತಾರೆ. ಇದರ ಬೆನ್ನಿಗೇ ಬರುವ ಇನ್ನೊಂದು ಮಾತು, ‘ಐವಿಎಫ್ ಮಾಡಿಸಿ’ ಎಂಬುದು. ಈ ಎರಡು ವಾಕ್ಯಗಳ ನಡುವೆ ಕೇಳಲೇಬೇಕಾದ ಒಂದು ಪ್ರಶ್ನೆ ಇದೆ. ನಾಳ ಮುಚ್ಚಿರುವುದು ನಿಜವೇ, ನಿಜವಾದರೆ ಎಲ್ಲಿ ಮುಚ್ಚಿದೆ? ಸರ್ಕಾರಿ ಆಸ್ಪತ್ರೆಗಳ ಸ್ತ್ರೀರೋಗ ವಿಭಾಗದಲ್ಲಿ ಮೂರು ದಶಕ ದುಡಿದ ನನಗೆ, ಈ ಪ್ರಶ್ನೆಯನ್ನು ಹಾರಿಸಿ ಮುಂದೆ ಹೋಗುವ ಅಭ್ಯಾಸ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿರುವಂತೆ ಕಾಣುತ್ತಿದೆ.

ಗರ್ಭಕೋಶದ ಎಡಬಲಗಳಿಗೆ ತೋಳಿನಂತೆ ಚಾಚಿಕೊಂಡಿರುವ ಗರ್ಭನಾಳಗಳನ್ನು ವಿವರವಾಗಿ ವರ್ಣಿಸಿದವನು ಇಟಲಿಯ ಪಾದುವಾದ ಅಂಗರಚನಾ ಶಾಸ್ತ್ರಜ್ಞ ಗೇಬ್ರಿಯೆಲ್ ಫೆಲೋಪಿಯೊ. 1561ರಲ್ಲಿ ಪ್ರಕಟವಾದ ಅವನ ಗ್ರಂಥದಿಂದಾಗಿ ಇವುಗಳಿಗೆ ಫೆಲೋಪಿಯನ್ ನಾಳಗಳೆಂಬ ಹೆಸರು ನಿಂತಿತು. ಒಂದೊಂದರ ಉದ್ದ ಸುಮಾರು 10ರಿಂದ 12 ಸೆಂಟಿಮೀಟರ್. ಅಂಡಾಶಯದ ಕಡೆಯ ತುದಿ ಹೂವಿನ ಎಸಳಿನಂತೆ ಅಗಲವಾಗಿ ಬಿಚ್ಚಿಕೊಂಡಿದ್ದರೆ, ಗರ್ಭಕೋಶಕ್ಕೆ ಸೇರುವ ಕಡೆಯ ರಂಧ್ರ ಒಂದು ಮಿಲಿಮೀಟರಿನಷ್ಟೂ ಇಲ್ಲದ ಕಿಂಡಿ. ಅಂಡಾಣುವೂ ವೀರ್ಯಾಣುವೂ ಸಂಧಿಸುವುದು ಈ ನಾಳದೊಳಗೆ. ಹಾಗೆ ಸಂಧಿಸಿ ಮೂಡಿದ ಭ್ರೂಣ ಕೆಲವು ದಿನ ಪಯಣಿಸಿ ಗರ್ಭಕೋಶವನ್ನು ತಲಪುವುದೂ ಇದರ ಮೂಲಕವೇ. ಆದ್ದರಿಂದ ಇದು ಬರಿಯ ಕೊಳವೆಯಲ್ಲ, ಒಳಗೆ ಸೂಕ್ಷ್ಮ ರೋಮಗಳ ಹಾಸು ಇರುವ ಜೀವಂತ ದಾರಿ.

ಈ ದಾರಿ ಎಲ್ಲಿ ಮುಚ್ಚಿದೆ ಎಂಬುದರ ಮೇಲೆ ಚಿಕಿತ್ಸೆಯೆಲ್ಲ ನಿಂತಿದೆ. ಅಂಡಾಶಯದ ಕಡೆಯ ತುದಿ ಮುಚ್ಚಿ ನಾಳದಲ್ಲಿ ನೀರು ತುಂಬಿಕೊಂಡಿದ್ದರೆ, ಸಾಮಾನ್ಯವಾಗಿ ಹಿಂದೊಮ್ಮೆ ಆದ ಸೋಂಕು ಒಳಪದರವನ್ನೇ ಹಾಳುಮಾಡಿರುತ್ತದೆ. ಗರ್ಭಕೋಶದ ಕಡೆಯ ಕಿಂಡಿಯಲ್ಲಿ ತಡೆಯಿದ್ದರೆ ಕತೆಯೇ ಬೇರೆ. ಅಲ್ಲಿ ಗಾಯದ ಕಲೆ, ಗಂಟು ಕಾರಣವಾಗಿರಬಹುದು; ಒಣಗಿದ ಲೋಳೆಯ ಬಿರಡೆಯೋ, ಪರೀಕ್ಷೆಯ ಹೊತ್ತಿನಲ್ಲಿ ಸ್ನಾಯು ಹಿಡಿದುಕೊಂಡದ್ದೋ ಕಾರಣವಾಗಿರಬಹುದು. ನಾಳದ ತೊಂದರೆಗಳಲ್ಲಿ ಶೇ 10ರಿಂದ 25ರಷ್ಟು ಈ ಬಗೆಯವು ಎಂದು ಲೆಕ್ಕ ಹಾಕಲಾಗಿದೆ. ನಾನು ಈಗ ಹೇಳಹೊರಟಿರುವುದು ಈ ಒಂದು ಗುಂಪಿನ ಬಗ್ಗೆ ಮಾತ್ರ.

ನಾಳ ಮುಚ್ಚಿದೆ ಎಂದು ಹೇಳುವ ಪರೀಕ್ಷೆ ಎಚ್‌ಎಸ್‌ಜಿ. ಗರ್ಭಕೋಶದೊಳಕ್ಕೆ ಎಕ್ಸ್‌ರೇಯಲ್ಲಿ ಕಾಣುವ ದ್ರವವೊಂದನ್ನು ಬಿಟ್ಟು, ಅದು ನಾಳಗಳ ಮೂಲಕ ಹರಿದು ಹೊರಬೀಳುತ್ತದೆಯೇ ಎಂದು ನೋಡುತ್ತಾರೆ. ಮಾಡಿಸಿಕೊಂಡ ಹೆಂಗಸರಿಗೆ ಗೊತ್ತು, ಇದು ನೋವಿಲ್ಲದ ಪರೀಕ್ಷೆಯಲ್ಲ. ಆ ನೋವಿಗೆ, ಹೆದರಿಕೆಗೆ ಗರ್ಭಕೋಶದ ಮೂಲೆಯ ಸ್ನಾಯು ಬಿಗಿದುಕೊಂಡರೆ ದ್ರವ ಅಲ್ಲಿಯೇ ನಿಲ್ಲುತ್ತದೆ. ಫಿಲ್ಮಿನಲ್ಲಿ ಅದು ಥೇಟ್ ಮುಚ್ಚಿದ ನಾಳದಂತೆಯೇ ಕಾಣುತ್ತದೆ. ಇಟಲಿಯ ವೈದ್ಯರು 2000ದಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಎರಡೂ ನಾಳಗಳು ಬುಡದಲ್ಲೇ ಮುಚ್ಚಿವೆ ಎಂದು ವರದಿಯಾಗಿದ್ದ 40 ಮಹಿಳೆಯರಿಗೆ ಒಂದು ತಿಂಗಳ ನಂತರ ಅದೇ ಪರೀಕ್ಷೆಯನ್ನು ಮತ್ತೆ ಮಾಡಿದರು. ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ನಾಳಗಳು ತೆರೆದೇ ಇದ್ದವು. ಅಧ್ಯಯನ ಚಿಕ್ಕದು, ನಿಜ. ಆದರೂ ಒಂದೇ ಒಂದು ಫಿಲ್ಮನ್ನು ನೆಚ್ಚಿ ದಂಪತಿಯ ಬದುಕಿನ ತೀರ್ಪು ಬರೆಯಬಾರದು ಎನ್ನುವುದಕ್ಕೆ ಇಷ್ಟು ಸಾಕು.

ಎರಡನೆಯ ಸಲವೂ ಬುಡದಲ್ಲೇ ತಡೆ ಕಂಡುಬಂದರೆ? ಅಲ್ಲಿ ನೆರವಿಗೆ ಬರುವುದು ನಾಳ ತೆರೆಸುವ ಒಂದು ಸರಳ ವಿಧಾನ. ಹೊಟ್ಟೆ ಕೊಯ್ಯುವುದಿಲ್ಲ, ಹೊಲಿಗೆ ಇಲ್ಲ. ಎಕ್ಸ್‌ರೇ ಪರದೆಯನ್ನು ನೋಡುತ್ತ, ಗರ್ಭಕೋಶದ ಕೊರಳಿನ ಮೂಲಕ ಮೃದುವಾದ ಕ್ಯಾತಿಟರ್ ಒಂದನ್ನು ನಾಳದ ಬಾಯಿಯವರೆಗೆ ಒಯ್ದು, ದ್ರವವನ್ನು ನೇರವಾಗಿ ಆ ನಾಳಕ್ಕೇ ಬಿಡುತ್ತಾರೆ. ಎಷ್ಟೋ ಸಲ ಆ ಒತ್ತಡಕ್ಕೇ ಲೋಳೆ ಕಳಚಿ ದಾರಿ ಬಿಟ್ಟುಕೊಡುತ್ತದೆ. ಆಗದಿದ್ದರೆ ಅರ್ಧ ಮಿಲಿಮೀಟರಿಗಿಂತ ತೆಳುವಾದ, ತುದಿ ಮೆತ್ತಗಿರುವ ತಂತಿಯನ್ನು ನಯವಾಗಿ ತೂರಿಸಿ ತಡೆಯನ್ನು ದಾಟಿಸುತ್ತಾರೆ. ಸಾಮಾನ್ಯವಾಗಿ ಅರ್ಧ ಮುಕ್ಕಾಲು ಗಂಟೆಯ ಕೆಲಸ. ನೋವು ನಿವಾರಕ, ಲಘು ಮಂಪರು ಸಾಕಾಗುತ್ತದೆ. ಅಂದೇ ಮನೆಗೆ ಹೋಗಬಹುದು. ಸ್ತ್ರೀರೋಗ ತಜ್ಞರು ಇದನ್ನೇ ಹಿಸ್ಟರೊಸ್ಕೋಪ್ ಎಂಬ ದರ್ಶಕದ ಮೂಲಕ, ಅರಿವಳಿಕೆ ಕೊಟ್ಟು, ಲ್ಯಾಪರೊಸ್ಕೋಪಿಯ ಜೊತೆಯಲ್ಲಿ ಮಾಡುವುದೂ ಉಂಟು. ನಮ್ಮಲ್ಲಿ ‘ರೀಕೆನಲೈಸೇಷನ್’ ಎಂದೊಡನೆ ಸಂತಾನಹರಣ ಚಿಕಿತ್ಸೆ ಆದವರಿಗೆ ನಾಳವನ್ನು ಮತ್ತೆ ಜೋಡಿಸುವ ಶಸ್ತ್ರಚಿಕಿತ್ಸೆ ನೆನಪಾಗುತ್ತದೆ. ಇದು ಅದಲ್ಲ. ಅಲ್ಲಿ ಕತ್ತರಿಸಿದ್ದನ್ನು ಹೊಲಿಯುತ್ತಾರೆ, ಇಲ್ಲಿ ಕಟ್ಟಿಕೊಂಡದ್ದನ್ನು ಬಿಡಿಸುತ್ತಾರೆ.

ತಂತಿಯನ್ನು ತೂರಿಸಿ ಮುಚ್ಚಿದ ದಾರಿ ತೆರೆಯುವ ವಿದ್ಯೆ ಕನ್ನಡಿಗರಿಗೆ ಅಪರಿಚಿತವೇನೂ ಅಲ್ಲ. ಅಮೆರಿಕದ ಓರೆಗಾನ್‌ನಲ್ಲಿ ಚಾರ್ಲ್ಸ್ ಡಾಟರ್ ಎಂಬ ವೈದ್ಯರು 1964ರಲ್ಲಿ ಕಾಲಿನ ರಕ್ತನಾಳವನ್ನು ಹೀಗೆ ತೆರೆದರು. 1977ರಲ್ಲಿ ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರೂಂಟ್ಸಿಗ್ ಅದನ್ನು ಹೃದಯದ ರಕ್ತನಾಳಕ್ಕೆ ಒಯ್ದರು. ಗರ್ಭನಾಳಕ್ಕೆ ಅದು ಬಂದದ್ದು 1985ರಲ್ಲಿ. ಮುಂದೆ ಓರೆಗಾನ್‌ನವರೇ ಆದ ಏಮಿ ಥರ್ಮಂಡ್ ಮತ್ತು ಜೋಸೆಫ್ ರೋಶ್ ಇದನ್ನು ವ್ಯವಸ್ಥಿತವಾಗಿ ಬೆಳೆಸಿದರು. ಇಂದು ನಮ್ಮ ಬಡಾವಣೆಯ ಪಾರ್ಕಿನಲ್ಲಿ ಬೆಳಗಿನ ನಡಿಗೆಗೆ ಬರುವ ಹಿರಿಯರಿಗೆಲ್ಲ ಆಂಜಿಯೊಪ್ಲಾಸ್ಟಿ ಎಂದರೇನೆಂದು ಗೊತ್ತು. ಯಾರಿಗೆ ಎಷ್ಟು ಸ್ಟೆಂಟು ಹಾಕಿದರು, ಜಯದೇವದಲ್ಲಿ ಎಷ್ಟು ಖರ್ಚಾಯಿತು ಎಂಬುದು ಅಲ್ಲಿ ದಿನನಿತ್ಯದ ಮಾತು. ಸ್ಟೆಂಟಿನ ಬೆಲೆ ಮಿತಿಮೀರಿದಾಗ 2017ರಲ್ಲಿ ಕೇಂದ್ರ ಸರ್ಕಾರವೇ ಮಧ್ಯೆ ಪ್ರವೇಶಿಸಿ ಮಿತಿ ಹೇರಿತು. ಅದೇ ವಿದ್ಯೆಯನ್ನು ಹೆಣ್ಣಿನ ಗರ್ಭನಾಳಕ್ಕೂ ಬಳಸಬಹುದು, ಬಳಸಲು ತೊಡಗಿ ನಾಲ್ಕು ದಶಕವಾಯಿತು ಎಂಬ ಮಾಹಿತಿ ಮಾತ್ರ ವಿದ್ಯಾವಂತ ಕುಟುಂಬಗಳಿಗೂ ತಲಪಿಲ್ಲ.

ಇದರಿಂದ ಎಲ್ಲರಿಗೂ ಮಕ್ಕಳಾಗುತ್ತವೆ ಎಂದು ನಾನು ಹೇಳುತ್ತಿಲ್ಲ. ‘ಹ್ಯೂಮನ್ ರಿಪ್ರೊಡಕ್ಷನ್’ ವಿಜ್ಞಾನ ಪತ್ರಿಕೆಯಲ್ಲಿ 2017ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು 27 ಅಧ್ಯಯನಗಳನ್ನು, ಒಟ್ಟು 1,720 ಮಹಿಳೆಯರ ವಿವರಗಳನ್ನು ಒಟ್ಟುಗೂಡಿಸಿತು. ಚಿಕಿತ್ಸೆಯ ನಂತರ ಗರ್ಭ ಧರಿಸಿದವರು ಸುಮಾರು ಶೇ 27ರಷ್ಟು. ಶೇ 4ರಷ್ಟು ಮಂದಿಯಲ್ಲಿ ಗರ್ಭ ನಾಳದಲ್ಲೇ ನಿಂತಿತು. ಅದು ಅಪಾಯದ ಸ್ಥಿತಿ, ಬೇಗ ಗುರುತಿಸಬೇಕು. ಈ ಅಧ್ಯಯನಗಳೆಲ್ಲ ಚಿಕಿತ್ಸೆ ಪಡೆದವರನ್ನು ಗಮನಿಸಿ ಬರೆದವು. ಚಿಕಿತ್ಸೆ ಪಡೆದವರನ್ನೂ ಪಡೆಯದವರನ್ನೂ ಚೀಟಿ ಎತ್ತಿದಂತೆ ವಿಂಗಡಿಸಿ ಹೋಲಿಸಿದವಲ್ಲ. ತಂತಿಯಿಂದ ನಾಳಕ್ಕೆ ತೂತಾಗುವುದುಂಟು, ಹೆಚ್ಚಿನವು ತಾವಾಗಿಯೇ ವಾಸಿಯಾಗುತ್ತವೆ. ತೆರೆದ ನಾಳ ಕೆಲವು ತಿಂಗಳಲ್ಲಿ ಮತ್ತೆ ಮುಚ್ಚಿಕೊಳ್ಳುವುದೂ ಉಂಟು. ಇಷ್ಟೆಲ್ಲ ಮಿತಿಗಳನ್ನು ತೂಗಿ ನೋಡಿಯೇ ಬ್ರಿಟನ್ನಿನ ‘ನೈಸ್’ ಸಂಸ್ಥೆ 2004ರ ಮಾರ್ಗಸೂಚಿಯಲ್ಲಿ, ಬುಡದಲ್ಲಿ ನಾಳ ಮುಚ್ಚಿದವರಿಗೆ ಇದೊಂದು ಚಿಕಿತ್ಸಾ ಆಯ್ಕೆ ಎಂದು ಹೇಳಿತು. ಬೇರಾವ ತೊಂದರೆಯೂ ಇಲ್ಲದ, ಚಿಕ್ಕ ವಯಸ್ಸಿನ ಮಹಿಳೆಯರಿಗೆ ಇದನ್ನು ಮಾಡಲು ಒಳ್ಳೆಯ ಆಧಾರವಿದೆ ಎಂದು ಅಮೆರಿಕದ ಸಂತಾನ ವೈದ್ಯರ ಸಂಘ 2021ರಲ್ಲಿ ಪುನರುಚ್ಚರಿಸಿತು. ನಾಲ್ವರಲ್ಲಿ ಒಬ್ಬರಿಗೆ ಫಲ ಕೊಡುವ, ಅರ್ಧ ದಿನದಲ್ಲಿ ಮುಗಿಯುವ, ತಿಂಗಳುಗಟ್ಟಲೆ ಚುಚ್ಚುಮದ್ದು ಬೇಡದ ದಾರಿಯೊಂದು ಇದೆ ಎಂದು ತಿಳಿದುಕೊಳ್ಳುವ ಹಕ್ಕು ದಂಪತಿಗೆ ಇಲ್ಲವೇ?

ಇಬ್ಬರು ಮಹಿಳೆಯರ ಉದಾಹರಣೆ ಕೊಡುತ್ತೇನೆ. ಮಂಡ್ಯ ಕಡೆಯ ಒಬ್ಬಾಕೆ, ವಯಸ್ಸು ಇಪ್ಪತ್ತೇಳು, ಐವಿಎಫ್‌ಗೆಂದು ಒಡವೆ ಅಡವಿಟ್ಟು ಹಣ ಹೊಂದಿಸುತ್ತಿದ್ದವಳು, ಎರಡನೆಯ ಅಭಿಪ್ರಾಯಕ್ಕೆಂದು ನನ್ನಲ್ಲಿಗೆ ಬಂದಳು. ಕೈಯಲ್ಲಿದ್ದುದು ಒಂದೇ ಎಚ್‌ಎಸ್‌ಜಿ. ಪರಿಚಿತ ರೇಡಿಯಾಲಜಿಸ್ಟ್ ಒಬ್ಬರಲ್ಲಿಗೆ ಕಳಿಸಿದೆ. ದ್ರವ ಬಿಟ್ಟಾಗಲೇ ಬಲನಾಳ ತೆರೆಯಿತು. ಎಡನಾಳ ತಂತಿಗೂ ಜಗ್ಗಲಿಲ್ಲ. ಒಂದು ವರ್ಷ ತುಂಬುವುದರೊಳಗೆ ಆಕೆ ಬಸುರಿಯಾದಳು. ಚಿತ್ರದುರ್ಗದ ಕಡೆಯ ಇನ್ನೊಬ್ಬಾಕೆ ಶಾಲಾ ಶಿಕ್ಷಕಿ. ವರದಿಯ ಒಕ್ಕಣೆ ಅದೇ. ಆದರೆ ಕೂಲಂಕಷವಾಗಿ ನೋಡಿದಾಗ ಗರ್ಭಕೋಶದ ಒಳಪದರದಲ್ಲಿ ಕ್ಷಯವಿರುವುದು ಗೊತ್ತಾಯಿತು. ಅವರಿಗೆ ತಂತಿ ಹಾಕುವ ಪ್ರಶ್ನೆಯೇ ಇರಲಿಲ್ಲ. ಆರು ತಿಂಗಳು ಕ್ಷಯದ ಮಾತ್ರೆ ನುಂಗಿದರು, ನಾಳಗಳು ಕೆಟ್ಟೇ ಹೋಗಿದ್ದವು, ಕೊನೆಗೆ ಐವಿಎಫ್‌ಗೆ ಹೋದರು. ಅದು ಸರಿಯಾದ ದಾರಿಯೇ ಆಗಿತ್ತು. ಇಬ್ಬರ ವರದಿಯಲ್ಲಿಯೂ ಇದ್ದುದು ‘ಎರಡೂ ಟ್ಯೂಬು ಬ್ಲಾಕ್’ ಎಂಬ ಮೂರೇ ಪದ. ಮಂಡ್ಯದ ಹೆಣ್ಣುಮಗಳ ಗಂಡ ನನ್ನನ್ನು ಕೇಳಿದ ಪ್ರಶ್ನೆ ಈಗಲೂ ಕಾಡುತ್ತದೆ: ‘ಇದನ್ನ ಮೊದಲೇ ಯಾರೂ ಯಾಕೆ ಹೇಳಲಿಲ್ಲ ಮೇಡಂ?’

ಯಾಕೆ ಹೇಳುವುದಿಲ್ಲ? ವೈದ್ಯರೆಲ್ಲ ಹಣದಾಸೆಯವರು ಎಂಬ ಉತ್ತರ ಸುಲಭದ್ದು, ಆದರೆ ಪೂರ್ಣ ಸತ್ಯವಲ್ಲ. ಮೊದಲನೆಯದಾಗಿ, ಈ ಚಿಕಿತ್ಸೆ ಎರಡು ವಿಭಾಗಗಳ ನಡುವೆ ಅನಾಥವಾಗಿ ಬಿದ್ದಿದೆ. ರೋಗಿ ಬರುವುದು ಸ್ತ್ರೀರೋಗ ತಜ್ಞರಲ್ಲಿಗೆ, ತಂತಿ ಹಾಕುವ ಕೈಚಳಕವಿರುವುದು ಇಂಟರ್‌ವೆನ್ಷನಲ್ ರೇಡಿಯಾಲಜಿಸ್ಟರಲ್ಲಿ. ಇಬ್ಬರೂ ಒಂದೇ ಕಟ್ಟಡದಲ್ಲಿದ್ದರೂ ಒಬ್ಬರ ರೋಗಿಯನ್ನು ಇನ್ನೊಬ್ಬರಲ್ಲಿಗೆ ಕಳಿಸುವ ರೂಢಿಯಿಲ್ಲ. ಎರಡನೆಯದಾಗಿ, ಐವಿಎಫ್ ಕೇಂದ್ರವೆಂದರೆ ದೊಡ್ಡ ಬಂಡವಾಳದ ವ್ಯವಹಾರ. ಪ್ರಯೋಗಾಲಯ, ಭ್ರೂಣತಜ್ಞರು, ಬಾಡಿಗೆ, ಜಾಹೀರಾತು ಎಲ್ಲಕ್ಕೂ ಹಣ ಹುಟ್ಟಬೇಕು. ಒಂದು ಆವರ್ತಕ್ಕೆ ಲಕ್ಷ ರೂಪಾಯಿಗೂ ಮೇಲೆ ತರುವ ಚಿಕಿತ್ಸೆಯ ಎದುರು ಅರ್ಧ ದಿನದ ಕೆಲಸವನ್ನು ಪ್ರಚಾರ ಮಾಡುವವರಾರು? ನಗರದ ಬಸ್ಸುಗಳ ಹಿಂಬದಿಯಲ್ಲಿ, ಮೆಟ್ರೊ ಕಂಬಗಳ ಮೇಲೆ ನಗುವ ಹಸುಗೂಸುಗಳ ಚಿತ್ರಗಳಿವೆ. ನಾಳ ತೆರೆಸುವ ಚಿಕಿತ್ಸೆಯ ಒಂದು ಫಲಕವನ್ನೂ ನಾನು ಕಂಡಿಲ್ಲ. ಮೂರನೆಯದಾಗಿ, ದಂಪತಿಗಳಲ್ಲೂ ಅವಸರವಿದೆ. ಸುಬ್ರಹ್ಮಣ್ಯಕ್ಕೆ ಹೋಗಿ ಬಂದು, ಅಶ್ವತ್ಥಕಟ್ಟೆಯ ನಾಗರಕಲ್ಲಿಗೆ ತೊಟ್ಟಿಲು ಕಟ್ಟಿ, ನಾಲ್ಕು ವರ್ಷ ಕಳೆದ ಮೇಲೆ ‘ದೊಡ್ಡದೇ’ ಚಿಕಿತ್ಸೆ ಆಗಿಬಿಡಲಿ ಎನ್ನಿಸುವುದು ಸಹಜ.

ನಾನು ಐವಿಎಫ್ ವಿರೋಧಿಯಲ್ಲ. ಆ ವಿದ್ಯೆ ಹುಟ್ಟಿದ್ದೇ ಮುಚ್ಚಿದ ನಾಳಗಳ ಕಾರಣದಿಂದ. 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಜಗತ್ತಿನ ಮೊದಲ ಪ್ರನಾಳ ಶಿಶುವಿಗೆ ಜನ್ಮ ಕೊಟ್ಟ ಲೆಸ್ಲಿ ಬ್ರೌನ್ ಅವರ ಎರಡೂ ನಾಳಗಳು ಮುಚ್ಚಿದ್ದವು. ಅದಾಗಿ ಮೂರು ತಿಂಗಳೊಳಗೆ, ಅಕ್ಟೋಬರ್ 3ರಂದು, ಕೋಲ್ಕತ್ತದಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ಭಾರತದ ಮೊದಲ ಪ್ರನಾಳ ಶಿಶು ಹುಟ್ಟಿತು. ಸರ್ಕಾರ ಅವರನ್ನು ನಂಬಲಿಲ್ಲ, ಅವಮಾನಿಸಿತು. 1981ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ಇಂಗ್ಲೆಂಡಿನ ರಾಬರ್ಟ್ ಎಡ್ವರ್ಡ್ಸ್‌ಗೆ 2010ರಲ್ಲಿ ನೊಬೆಲ್ ದೊರೆಯಿತು. ಇಷ್ಟು ಬೆಲೆ ತೆತ್ತು ಬಂದ ವಿದ್ಯೆಯನ್ನು ಹಗುರವಾಗಿ ಕಾಣುವ ಮಾತೇ ಇಲ್ಲ. ಮೂವತ್ತೇಳು ದಾಟಿ ಅಂಡಾಣುಗಳ ದಾಸ್ತಾನು ಕರಗುತ್ತಿರುವ ಮಹಿಳೆಗೆ, ಗಂಡನ ವೀರ್ಯಾಣು ತೀರ ಕಡಿಮೆಯಿದ್ದಾಗ, ನಾಳದ ಹೊರತುದಿ ಕೆಟ್ಟಿದ್ದಾಗ ತಂತಿ ಹಾಕುತ್ತ ಕಾಲ ಕಳೆಯುವುದು ಅನ್ಯಾಯ. ಅಂಥವರಿಗೆ ಐವಿಎಫ್ಫೇ ಉಗುರು. ಆದರೆ ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡರು ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಮಾಡಲಿಲ್ಲ. ಬಿರಡೆಯಂತೆ ಕುಳಿತ ಲೋಳೆಯನ್ನು ಕಳಚಿ ನೋಡದೆ ಭ್ರೂಣವನ್ನೇ ಹೊರಗೆ ಸೃಷ್ಟಿಸಲು ಹೊರಡುವುದು ಎಲ್ಲರ ವಿಷಯದಲ್ಲೂ ವಿವೇಕವಾಗಲಾರದು.

ಇದರಲ್ಲಿ ಸರ್ಕಾರದ ಪಾಲೂ ಇದೆ. ಮೈಸೂರು ಸಂಸ್ಥಾನ 1930ರಷ್ಟು ಹಿಂದೆಯೇ ಸರ್ಕಾರಿ ಜನನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆದು ಜಗತ್ತಿಗೇ ಮೇಲ್ಪಂಕ್ತಿ ಹಾಕಿತ್ತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಂತಾನಹರಣ ಚಿಕಿತ್ಸೆ ಮಾಡಿಸಿಕೊಂಡವರು; ಒಬ್ಬ ಮಹಿಳೆಗೆ ಸರಾಸರಿ ಮಕ್ಕಳ ಸಂಖ್ಯೆ 1.7ಕ್ಕೆ ಇಳಿದಿದೆ. ಅಂದರೆ ಗರ್ಭನಾಳವನ್ನು ಮುಚ್ಚುವ ಕೆಲಸವನ್ನು ಸರ್ಕಾರ ತಾಲ್ಲೂಕು ಮಟ್ಟದವರೆಗೂ ಉಚಿತವಾಗಿ, ಉತ್ಸಾಹದಿಂದ ಮಾಡಿದೆ. ತಾನಾಗಿ ಮುಚ್ಚಿಕೊಂಡ ನಾಳವನ್ನು ತೆರೆಯುವುದು ಮಾತ್ರ ದಂಪತಿಯ ಸ್ವಂತ ಖರ್ಚಿನ ವ್ಯವಹಾರ! ಬಹುತೇಕ ಆರೋಗ್ಯ ವಿಮಾ ಪಾಲಿಸಿಗಳು ಕೂಡ ಬಂಜೆತನದ ಚಿಕಿತ್ಸೆಯನ್ನು ಹೊರಗಿಟ್ಟಿವೆ. ಜಗತ್ತಿನ ವಯಸ್ಕರಲ್ಲಿ ಆರರಲ್ಲಿ ಒಬ್ಬರು ಜೀವನದಲ್ಲೊಮ್ಮೆ ಈ ಸಂಕಟವನ್ನು ಅನುಭವಿಸುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದ ಮೇಲೂ ಇದನ್ನು ರೋಗವೆಂದು ಪರಿಗಣಿಸಲು ನಮಗೆ ಮನಸ್ಸಿಲ್ಲ.

ಆಗಬೇಕಾದ ಕೆಲಸಗಳು ಆಕಾಶದಿಂದ ಇಳಿಯಬೇಕಾದವಲ್ಲ. ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಫ್ಲೋರೊಸ್ಕೋಪಿ ಯಂತ್ರವೂ ಸ್ತ್ರೀರೋಗ ವಿಭಾಗವೂ ರೇಡಿಯಾಲಜಿ ವಿಭಾಗವೂ ಇವೆ. ವಾರಕ್ಕೊಂದು ದಿನ ಇವೆರಡೂ ವಿಭಾಗಗಳು ಕೂಡಿ ನಡೆಸುವ ಒಂದು ಚಿಕಿತ್ಸಾಲಯ ಆರಂಭವಾದರೆ ಸಾಕು. ಅದರ ಜೊತೆಗೇ ಕ್ಷಯದ ತಪಾಸಣೆ ಕಡ್ಡಾಯವಾಗಿ ನಡೆಯಲಿ. ನಮ್ಮ ದೇಶದಲ್ಲಿ ಗರ್ಭನಾಳ ಕೆಡುವುದಕ್ಕೆ ಜನನಾಂಗದ ಕ್ಷಯವೂ ಒಂದು ಮುಖ್ಯ ಕಾರಣ, ಅದಕ್ಕೆ ಔಷಧ ರಾಷ್ಟ್ರೀಯ ಕಾರ್ಯಕ್ರಮದಡಿ ಉಚಿತ. ಖಾಸಗಿ ಕೇಂದ್ರಗಳಿಗೆ 2021ರ ಸಂತಾನೋತ್ಪತ್ತಿ ನೆರವು ತಂತ್ರಜ್ಞಾನ ಕಾಯ್ದೆ ಈಗಾಗಲೇ ಅನ್ವಯಿಸುತ್ತದೆ. ಯಶಸ್ಸಿನ ಸಾಧ್ಯತೆ, ಖರ್ಚು, ಅಪಾಯಗಳನ್ನು ದಂಪತಿಗೆ ತಿಳಿಸಿ ಆಪ್ತ ಸಮಾಲೋಚನೆ ನಡೆಸಬೇಕೆಂದು ಅದು ಹೇಳುತ್ತದೆ. ಈ ಸಮಾಲೋಚನೆ ಸಹಿ ಹಾಕಿಸಿಕೊಳ್ಳುವ ಶಾಸ್ತ್ರವಾಗಬಾರದು. ತಡೆ ಎಲ್ಲಿದೆ, ಎರಡನೆಯ ಪರೀಕ್ಷೆಯಿಂದ ದೃಢಪಟ್ಟಿದೆಯೇ, ನಾಳ ತೆರೆಸುವ ಚಿಕಿತ್ಸೆಯನ್ನು ಏಕೆ ಸೂಚಿಸಿದ್ದೀರಿ ಅಥವಾ ಏಕೆ ಸೂಚಿಸಿಲ್ಲ ಎಂಬ ಮೂರು ಸಾಲುಗಳನ್ನು ಕನ್ನಡದಲ್ಲಿ ಬರೆದು ದಂಪತಿಯ ಕೈಗೆ ಕೊಡುವಂತೆ ರಾಜ್ಯ ಸರ್ಕಾರ ಸೂಚನೆ ಹೊರಡಿಸಲಿ. ಇದಕ್ಕೆ ಯಾವ ಪ್ರಾಮಾಣಿಕ ವೈದ್ಯರ ಆಕ್ಷೇಪವೂ ಇರಲಾರದು.

ಓದುಗರಲ್ಲಿ ಈ ಸಂಕಟದಲ್ಲಿರುವವರೂ ಇರಬಹುದು, ಅಂಥವರ ತಂದೆತಾಯಿ, ಅತ್ತೆಮಾವಂದಿರೂ ಇರಬಹುದು. ಅವರಲ್ಲಿ ನನ್ನ ವಿನಂತಿ ಇಷ್ಟೆ. ಹೆಂಡತಿಯನ್ನು ಎಕ್ಸ್‌ರೇ ಮೇಜಿನ ಮೇಲೆ ಮಲಗಿಸುವ ಮೊದಲು ಗಂಡನ ವೀರ್ಯ ಪರೀಕ್ಷೆ ಆಗಲಿ. ಅದಕ್ಕೆ ನೋವಿಲ್ಲ, ಹೆಚ್ಚು ಖರ್ಚೂ ಇಲ್ಲ, ಬೇಕಾದದ್ದು ಗಂಡಸಿನ ಒಪ್ಪಿಗೆ ಮಾತ್ರ. ‘ಟ್ಯೂಬು ಬ್ಲಾಕ್’ ಎಂಬ ವರದಿ ಬಂದರೆ ಫಿಲ್ಮನ್ನು ಕೇಳಿ ಪಡೆಯಿರಿ, ಬುಡದಲ್ಲೋ ತುದಿಯಲ್ಲೋ ಎಂದು ವಿಚಾರಿಸಿ, ಇನ್ನೊಬ್ಬ ವೈದ್ಯರಿಗೂ ತೋರಿಸಿ. ವಯಸ್ಸು ಜೊತೆಗಿದ್ದರೆ ಈ ಒಂದೆರಡು ತಿಂಗಳಿಂದ ಏನೂ ನಷ್ಟವಾಗದು. ಆಮೇಲೂ ಐವಿಎಫ್ ಬೇಕೆಂದಾದರೆ ಅಳುಕದೆ ಹೋಗಿ. ಎಲ್ಲಕ್ಕಿಂತ ಮುಖ್ಯವಾಗಿ, ಅರ್ಧ ಮಿಲಿಮೀಟರಿನ ಒಂದು ತಡೆಯನ್ನು ಹೆಣ್ಣಿನ ನಡತೆಗೂ ಜಾತಕಕ್ಕೂ ಗಂಟುಹಾಕಿ ಆಕೆಯನ್ನು ಬಂಜೆಯೆಂದು ಕರೆಯುವ ಬಾಯಿಗಳನ್ನು ಮನೆಯವರೇ ಮುಚ್ಚಿಸಬೇಕು. ಆ ಕೆಲಸಕ್ಕೆ ಕ್ಯಾತಿಟರೂ ಬೇಡ, ತಂತಿಯೂ ಬೇಡ.